ಗಂಟೆಗಿಂತ ಮೊದಲಿನ ಪಾವ್ಲೊವ್

ಪಾವ್ಲೊವ್ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಒಂದೇ: ಗಂಟೆ ಬಾರಿಸಿದರೆ ನಾಯಿ ಜೊಲ್ಲು ಸುರಿಸುತ್ತೆ. ಸ್ಕೂಲಲ್ಲಿ ಓದಿದ್ದೀವಿ, ಮೀಮ್‌ಗಳಲ್ಲಿ ನೋಡಿದ್ದೀವಿ. ನಮ್ಮ ಹಾಸ್ಟೆಲ್‌ನಲ್ಲಂತೂ ರಾತ್ರಿ ಮೆಸ್ಸಿನಲ್ಲಿ ತಟ್ಟೆಗಳ ಸದ್ದು ಶುರುವಾದರೆ ಸಾಕು, ಇಡೀ ಕಾರಿಡಾರ್ ಎದ್ದು ಹೊರಡುತ್ತೆ, ಯಾರಾದರೂ ಒಬ್ಬರು ಪಾವ್ಲೊವ್ ಹೆಸರು ಹೇಳೇ ಹೇಳ್ತಾರೆ. ನನಗೂ ಅಷ್ಟೇ ಗೊತ್ತಿತ್ತು. ಅವನಿಗೆ ನೊಬೆಲ್ ಬಂದಿದ್ದೂ ಆ ಗಂಟೆಯಿಂದಲೇ ಅಂದ್ಕೊಂಡಿದ್ದೆ.

ಅಲ್ಲವಂತೆ. 1904ರಲ್ಲಿ ಇವಾನ್ ಪೆಟ್ರೋವಿಚ್ ಪಾವ್ಲೊವ್‌ಗೆ ನೊಬೆಲ್ ಬಂದಿದ್ದು ತಿಂದ ಆಹಾರ ಹೊಟ್ಟೆಯೊಳಗೆ ಹೇಗೆ ಕರಗುತ್ತೆ ಅಂತ ತೋರಿಸಿದ್ದಕ್ಕೆ. ಗಂಟೆಯ ಕಥೆ ಆಮೇಲಿನದು. ಅದೂ ಅವನ ಲ್ಯಾಬ್‌ನಲ್ಲಿ ಗಂಟೆಗಿಂತ ಹೆಚ್ಚಾಗಿ ಬಳಸಿದ್ದು ಮೆಟ್ರೊನೋಮ್, ಬಜರ್, ದೀಪ ಇಂಥವನ್ನ.

ನಾನು ಪಾವ್ಲೊವ್ ಬಗ್ಗೆ ಓದೋಕೆ ಶುರು ಮಾಡಿದ್ದಕ್ಕೆ ಬೇರೆ ಕಾರಣ ಇದೆ. ಕಳೆದ ಸೆಮಿಸ್ಟರ್ ಎಲೆಕ್ಟ್ರಾನಿಕ್ಸ್ ಲ್ಯಾಬ್‌ನಲ್ಲಿ ನನ್ನ ರೀಡಿಂಗ್‌ಗಳಲ್ಲಿ ಒಂದು ಮಾತ್ರ ಗ್ರಾಫ್‌ನ ಗೆರೆ ಮೇಲೆ ಕೂರಲಿಲ್ಲ. ಆಗ ನಾನೇನು ಮಾಡಿದೆ ಅನ್ನೋದನ್ನ ಕೊನೆಯಲ್ಲಿ ಹೇಳ್ತೀನಿ. ಮೊದಲು ಪಾವ್ಲೊವ್ ಕಥೆ.

ಪಾದ್ರಿಯಾಗಬೇಕಿದ್ದ ಹುಡುಗ

ಪಾವ್ಲೊವ್ ಹುಟ್ಟಿದ್ದು 1849ರ ಸೆಪ್ಟೆಂಬರ್ 26ರಂದು, ಮಾಸ್ಕೋದಿಂದ ಆಗ್ನೇಯಕ್ಕೆ ಸುಮಾರು 200 ಕಿಲೋಮೀಟರ್ ದೂರದ ರಿಯಾಜಾನ್ ಎಂಬ ಊರಲ್ಲಿ. ಅಪ್ಪ ಪಾದ್ರಿ. ರಷ್ಯಾದ ಆರ್ಥೊಡಾಕ್ಸ್ ಚರ್ಚಿನಲ್ಲಿ ಪಾದ್ರಿಗಳು ಮದುವೆ ಆಗಬಹುದು, ಅವರ ಮಕ್ಕಳು ಸಾಮಾನ್ಯವಾಗಿ ಪಾದ್ರಿಗಳೇ ಆಗ್ತಿದ್ದರು. ನಮ್ಮಲ್ಲಿ ಪಿಯುಸಿ ಸೈನ್ಸ್ ಅಂದರೆ ಇಂಜಿನಿಯರಿಂಗ್ ಅಂತ ಮನೆಯವರು ಮೊದಲೇ ತೀರ್ಮಾನ ಮಾಡಿರ್ತಾರಲ್ಲ, ಹಾಗೆ.

ಎಂಟು ವರ್ಷದ ಆಸುಪಾಸಿನಲ್ಲಿ ಹುಡುಗ ಎತ್ತರದಿಂದ ಕಲ್ಲು ನೆಲದ ಮೇಲೆ ಬಿದ್ದ. ಪೆಟ್ಟು ಜೋರಾಗಿತ್ತು, ಚೇತರಿಸಿಕೊಳ್ಳೋಕೆ ತುಂಬಾ ದಿನ ಬೇಕಾಯಿತು. ಹನ್ನೊಂದು ವರ್ಷದವರೆಗೂ ಸ್ಕೂಲಿಗೇ ಹೋಗಲಿಲ್ಲ. ಆ ವರ್ಷಗಳಲ್ಲಿ ಅಪ್ಪನ ಜೊತೆ ತೋಟದಲ್ಲಿ ಮಣ್ಣು ಅಗೆಯೋದು, ಗಿಡ ನೆಡೋದು ಅಭ್ಯಾಸವಾಯಿತು. ಗೊರೊಡ್ಕಿ ಅಂತ ಒಂದು ಆಟ ಇದೆ. ಮರದ ತುಂಡುಗಳನ್ನು ಜೋಡಿಸಿಟ್ಟು ದೂರದಿಂದ ಕೋಲು ಬೀಸಿ ಉರುಳಿಸೋದು, ನಮ್ಮ ಲಗೋರಿಯ ದೊಡ್ಡಣ್ಣನ ಹಾಗೆ. ಆ ಆಟದ ಹುಚ್ಚು ಅವನಿಗೆ ಮುದುಕನಾದ ಮೇಲೂ ಬಿಡಲಿಲ್ಲ.

ಪಾದ್ರಿಗಳ ಶಾಲೆಗೇನೋ ಸೇರಿದ. ಆದರೆ 1860ರ ದಶಕದ ರಷ್ಯಾದಲ್ಲಿ ಓದೋ ಹುಡುಗರಿಗೆಲ್ಲ ವಿಜ್ಞಾನದ ಗಾಳಿ ಬೀಸಿತ್ತು. ಡಾರ್ವಿನ್ ಬಗ್ಗೆ ಪತ್ರಿಕೆಗಳಲ್ಲಿ ಲೇಖನಗಳು ಬರ್ತಿದ್ದವು. ಇವಾನ್ ಸೆಚೆನೊವ್ ಅನ್ನೋ ವಿಜ್ಞಾನಿ 1863ರಲ್ಲಿ ಮೆದುಳಿನ ಪ್ರತಿವರ್ತನೆಗಳ ಬಗ್ಗೆ ಒಂದು ಪುಸ್ತಕ ಬರೆದಿದ್ದ. ನಮ್ಮ ಯೋಚನೆ, ಆಸೆ ಎಲ್ಲಕ್ಕೂ ನರಗಳ ಕೆಲಸವೇ ತಳಹದಿ ಅನ್ನೋದು ಅದರ ಸಾರ. ಅದನ್ನು ಓದಿದ ಮೇಲೆ ಪಾವ್ಲೊವ್‌ಗೆ ಪಾದ್ರಿಗಿರಿ ಬೇಡವಾಯಿತು. 1870ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯ ಸೇರಿದ. ವಿದ್ಯಾರ್ಥಿಯಾಗಿದ್ದಾಗಲೇ ಪ್ಯಾಂಕ್ರಿಯಾಸ್‌ನ, ಅಂದರೆ ಮೇದೋಜೀರಕ ಗ್ರಂಥಿಯ, ನರಗಳ ಮೇಲೆ ಗೆಳೆಯನ ಜೊತೆ ಮಾಡಿದ ಕೆಲಸಕ್ಕೆ ಚಿನ್ನದ ಪದಕ ಬಂತು. ಈ ಪ್ಯಾಂಕ್ರಿಯಾಸ್ ಮತ್ತು ಈ ನರಗಳು, ಎರಡನ್ನೂ ನೆನಪಿಟ್ಟುಕೊಳ್ಳಿ. ಮುಂದೆ ಇವೇ ಅವನಿಗೆ ತಿರುಗಿ ಬೀಳ್ತವೆ.

ಆಮೇಲೆ ಡಾಕ್ಟರ್ ಓದು, ಹೃದಯದ ನರಗಳ ಮೇಲೆ 1883ರಲ್ಲಿ ಥೀಸಿಸ್, ಎರಡು ವರ್ಷ ಜರ್ಮನಿಯ ಲ್ಯಾಬ್‌ಗಳಲ್ಲಿ ಕೆಲಸ. 1881ರಲ್ಲಿ ಸೆರಾಫಿಮಾ ಅನ್ನೋ ಹುಡುಗಿಯನ್ನು ಮದುವೆಯಾಗಿದ್ದ. ಸರಿಯಾದ ಕೆಲಸ ಇಲ್ಲ, ಮನೆಯಲ್ಲಿ ಕಷ್ಟ. ಒಮ್ಮೆ ವಿದ್ಯಾರ್ಥಿಗಳು ಅವನಿಗೆ ನೇರವಾಗಿ ದುಡ್ಡು ಕೊಟ್ಟರೆ ತಗೊಳ್ಳಲ್ಲ ಅಂತ, ಪಾಠ ಮಾಡಿ ಅನ್ನೋ ನೆಪದಲ್ಲಿ ಚಂದಾ ಎತ್ತಿ ಕೊಟ್ಟರಂತೆ. ಅವನು ಆ ದುಡ್ಡನ್ನೂ ಪ್ರಯೋಗದ ನಾಯಿಗಳಿಗೇ ಖರ್ಚು ಮಾಡಿಬಿಟ್ಟನಂತೆ. ಸೆರಾಫಿಮಾಗೆ ಹೇಗನ್ನಿಸಿರಬಹುದು ಅಂತ ಯೋಚನೆ ಮಾಡಿ. ಅವನಿಗೆ ಸರಿಯಾದ ಹುದ್ದೆ, ಸ್ವಂತ ಲ್ಯಾಬ್ ಸಿಕ್ಕಿದ್ದು ನಲವತ್ತು ದಾಟಿದ ಮೇಲೆ. 1891ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಪ್ರಾಯೋಗಿಕ ವೈದ್ಯಕೀಯ ಸಂಸ್ಥೆಯಲ್ಲಿ ಶರೀರ ವಿಜ್ಞಾನ ವಿಭಾಗ ಅವನ ಕೈಗೆ ಬಂತು.

ಓಡುತ್ತಿರೋ ಇಂಜಿನ್‌ಗೆ ಸೆನ್ಸರ್

ಆ ಹೊತ್ತಿಗೆ ಜೀರ್ಣಕ್ರಿಯೆ ಬಗ್ಗೆ ಒಂದಷ್ಟು ಗೊತ್ತಿತ್ತು. ಜಠರದಲ್ಲಿ ಹೈಡ್ರೊಕ್ಲೋರಿಕ್ ಆಸಿಡ್ ಇದೆ ಅಂತ 1824ರಲ್ಲೇ ಗೊತ್ತಾಗಿತ್ತು. ಮಾಂಸವನ್ನ, ಅಂದರೆ ಪ್ರೋಟೀನನ್ನ, ಒಡೆಯೋ ಪೆಪ್ಸಿನ್ 1836ರಲ್ಲಿ ಸಿಕ್ಕಿತ್ತು. ಆದರೆ ಈ ರಸಗಳು ಯಾವಾಗ, ಎಷ್ಟು, ಯಾರ ಆರ್ಡರ್ ಮೇಲೆ ಬರ್ತವೆ ಅನ್ನೋದು ಗೊತ್ತಿರಲಿಲ್ಲ. ಕಾರಣ, ಆಗ ಮಾಡ್ತಿದ್ದ ಪ್ರಯೋಗದ ರೀತಿ. ಪ್ರಾಣಿಯನ್ನು ಕೊಯ್ದು, ಅದು ಸಾಯೋದರೊಳಗೆ ಏನು ಕಾಣುತ್ತೋ ಅದನ್ನು ಬರ್ಕೊಳ್ಳೋದು. ನೋವಲ್ಲಿ, ರಕ್ತ ಸೋರ್ತಾ ಇರೋ ಪ್ರಾಣಿಯ ಹೊಟ್ಟೆ ಸಾಮಾನ್ಯ ದಿನದ ಹೊಟ್ಟೆಯ ಹಾಗೆ ಕೆಲಸ ಮಾಡುತ್ತಾ? ಬೈಕಿನ ಇಂಜಿನ್ ಬಿಚ್ಚಿಟ್ಟು ಅದರ ಮೈಲೇಜ್ ಎಷ್ಟು ಅಂತ ಕೇಳಿದ ಹಾಗಾಯಿತು.

ಪಾವ್ಲೊವ್ ಇದನ್ನು ತಿರುಗಿಸಿದ. ಅವನು ತುಂಬಾ ಒಳ್ಳೆ ಸರ್ಜನ್. ಮನುಷ್ಯರ ಆಸ್ಪತ್ರೆಯ ಆಪರೇಷನ್ ಥಿಯೇಟರ್‌ನಷ್ಟೇ ಶುಚಿಯಾಗಿ ನಾಯಿಗೆ ಆಪರೇಷನ್ ಮಾಡಿ, ಜಠರದಿಂದ ಹೊರಕ್ಕೆ ಒಂದು ಸಣ್ಣ ನಳಿಕೆ ಇಟ್ಟು, ಗಾಯ ಪೂರ್ತಿ ಮಾಯಲಿ ಅಂತ ಕಾಯ್ತಿದ್ದ. ನಾಯಿ ಎದ್ದು ಓಡಾಡಿ, ತಿಂದು, ಆರೋಗ್ಯವಾದ ಮೇಲೇ ಅಳತೆ ಶುರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಓಡ್ತಿರೋ ಇಂಜಿನ್‌ಗೆ ಟೆಸ್ಟ್ ಪೋರ್ಟ್ ಇಟ್ಟ.

ಇದರಲ್ಲಿ ನನಗೆ ತುಂಬಾ ಆಶ್ಚರ್ಯ ಆಗಿದ್ದು ಸುಳ್ಳು ಊಟದ ಪ್ರಯೋಗ. ಇದನ್ನು ಎಕಟೆರಿನಾ ಶುಮೊವಾ-ಸಿಮನೋವ್ಸ್ಕಯಾ ಅನ್ನೋ ಡಾಕ್ಟರ್ ಜೊತೆ ಸೇರಿ 1889ರ ಸುಮಾರಿಗೆ ಮಾಡಿದ್ದು. ನಾಯಿಯ ಅನ್ನನಾಳವನ್ನು ಕುತ್ತಿಗೆ ಹತ್ತಿರ ಕತ್ತರಿಸಿ ತುದಿಗಳನ್ನು ಚರ್ಮಕ್ಕೆ ಹೊಲಿದಿದ್ದರು. ನಾಯಿ ಮಾಂಸ ಅಗಿದು ನುಂಗುತ್ತೆ, ಅದು ಕುತ್ತಿಗೆಯ ತೂತಿಂದ ಮತ್ತೆ ತಟ್ಟೆಗೇ ಬೀಳುತ್ತೆ, ನಾಯಿ ಮತ್ತೆ ತಿನ್ನುತ್ತೆ. ಜಠರಕ್ಕೆ ಒಂದು ತುಣುಕೂ ತಲುಪಲ್ಲ. (ಅದರ ಹೊಟ್ಟೆಗೆ ಬೇಕಾದ ಆಹಾರವನ್ನು ಬೇರೆಯಾಗಿ ನೇರ ಜಠರಕ್ಕೇ ಹಾಕ್ತಿದ್ದರು.) ಆದರೂ ಸುಮಾರು ಐದು ನಿಮಿಷದಲ್ಲಿ ಖಾಲಿ ಜಠರದ ನಳಿಕೆಯಿಂದ ತೊಟ್ಟು ತೊಟ್ಟಾಗಿ ಶುದ್ಧ ಜಠರರಸ ಇಳಿಯೋಕೆ ಶುರುವಾಗುತ್ತೆ!

ಅಂದರೆ ಊಟ ಬರೋ ಮೊದಲೇ ಹೊಟ್ಟೆಗೆ ಸುದ್ದಿ ಹೋಗಿದೆ. ಹೇಗೆ? ಮೆದುಳಿನಿಂದ ಹೊಟ್ಟೆವರೆಗೆ ಇಳಿಯೋ ವೇಗಸ್ ಅನ್ನೋ ನರವನ್ನು ಕತ್ತರಿಸಿ ನೋಡಿದರು. ನಾಯಿ ಅದೇ ಆಸೆಯಿಂದ ತಿಂತು, ರಸ ಮಾತ್ರ ಬರಲಿಲ್ಲ. ವೈರ್ ಕಟ್ ಆಗಿತ್ತು. ಒಗ್ಗರಣೆ ವಾಸನೆಗೆ ಬಾಯಲ್ಲಿ ನೀರೂರೋದು ನಮಗೆಲ್ಲ ಗೊತ್ತು. ಅದೇ ಹೊತ್ತಿಗೆ ಹೊಟ್ಟೆಯಲ್ಲೂ ಆಸಿಡ್ ಊರುತ್ತೆ ಅನ್ನೋದು, ಅದು ನರದ ಮೂಲಕ ಅನ್ನೋದು ಹೀಗೆ ಖಚಿತವಾಯಿತು. ಮುಂದೆ 1940ರ ದಶಕದಿಂದ ಅಲ್ಸರ್ ರೋಗಿಗಳಿಗೆ ಇದೇ ವೇಗಸ್ ನರ ಕತ್ತರಿಸೋ ಆಪರೇಷನ್ ಮಾಡ್ತಿದ್ದರು, ಆಸಿಡ್ ಕಡಿಮೆಯಾಗಲಿ ಅಂತ. ಒಳ್ಳೆಯ ಮಾತ್ರೆಗಳು ಬರೋವರೆಗೂ ಅದು ನಡೀತು.

ದ್ರುಝೋಕ್ ಮತ್ತು ಗೋಡೆ ಕಿತ್ತ ನಾಯಿ

ಮುಂದಿನ ಪ್ರಶ್ನೆ, ನಿಜವಾದ ಊಟ ಜಠರಕ್ಕೆ ಬಿದ್ದ ಮೇಲೆ ಏನಾಗುತ್ತೆ? ಆಹಾರ ಮತ್ತು ರಸ ಕಲೆತು ಹೋದರೆ ಅಳೆಯೋದು ಹೇಗೆ? ಜಠರದ ಒಂದು ಮೂಲೆಯನ್ನು ಸಣ್ಣ ಚೀಲವಾಗಿ ಬೇರ್ಪಡಿಸಿದರೆ ಅದಕ್ಕೆ ಆಹಾರ ಹೋಗಲ್ಲ, ಆದರೆ ದೊಡ್ಡ ಜಠರ ಏನು ಮಾಡುತ್ತೋ ಅದನ್ನೇ ಸಣ್ಣದಾಗಿ ಮಾಡಿ ತೋರಿಸುತ್ತೆ. ಜರ್ಮನಿಯ ಹೈಡನ್‌ಹೈನ್ ಇಂಥ ಚೀಲ ಮಾಡಿದ್ದ, ಆದರೆ ಅದರಲ್ಲಿ ನರಗಳು ತುಂಡಾಗಿದ್ದವು. ನರಗಳನ್ನು ಉಳಿಸಿಕೊಂಡೇ ಚೀಲ ಮಾಡಬೇಕು ಅಂತ ಪಾವ್ಲೊವ್ ಹಟ ಹಿಡಿದ. ಒಂದರ ಹಿಂದೊಂದು ನಾಯಿ ಆಪರೇಷನ್ ಟೇಬಲ್ ಮೇಲೆ ಸತ್ತವು. ಕೊನೆಗೆ 1894ರಲ್ಲಿ ಒಂದು ನಾಯಿ ಬದುಕಿತು. ಅದರ ಹೆಸರು ದ್ರುಝೋಕ್, ಅಂದರೆ ರಷ್ಯನ್‌ನಲ್ಲಿ ಪುಟ್ಟ ಗೆಳೆಯ.

ದ್ರುಝೋಕ್‌ನಿಂದ ಬಂದ ಡೇಟಾ ನೋಡಿದರೆ ನಮ್ಮ ಹೊಟ್ಟೆ ಮೇಲೆ ಗೌರವ ಬರುತ್ತೆ. ಮಾಂಸ, ಬ್ರೆಡ್, ಹಾಲು, ಮೂರಕ್ಕೂ ರಸದ ಗ್ರಾಫ್ ಬೇರೆ ಬೇರೆ. ಮಾಂಸಕ್ಕೆ ರಸ ಬೇಗ ಬರುತ್ತೆ, ಜಾಸ್ತಿ ಬರುತ್ತೆ. ಬ್ರೆಡ್‌ಗೆ ಬರೋ ರಸದಲ್ಲಿ ಪ್ರೋಟೀನ್ ಒಡೆಯೋ ಶಕ್ತಿ ಎಲ್ಲಕ್ಕಿಂತ ಹೆಚ್ಚು, ಮತ್ತು ಅದು ತುಂಬಾ ಹೊತ್ತು ಇಳೀತಾ ಇರುತ್ತೆ. ಹೊಟ್ಟೆ ಅಂದರೆ ಬರೀ ಆಸಿಡ್ ತುಂಬಿದ ಚೀಲ ಅಲ್ಲ, ಒಳಗೆ ಏನು ಬಿತ್ತು ಅಂತ ನೋಡಿ ಕೆಲಸ ಮಾಡೋ ಕಂಟ್ರೋಲ್ ಸಿಸ್ಟಮ್.

ಪ್ಯಾಂಕ್ರಿಯಾಸ್‌ಗೂ ಹೀಗೇ ನಳಿಕೆ ಇಟ್ಟಾಗ ಇನ್ನೊಂದು ತೊಂದರೆ. ಹೊರಗೆ ಇಳಿದ ರಸ ನಾಯಿಯ ಸ್ವಂತ ಚರ್ಮವನ್ನೇ ತಿಂದು ಹುಣ್ಣು ಮಾಡ್ತಿತ್ತು. ಲ್ಯಾಬ್‌ನವರಿಗೆ ಏನು ಮಾಡಬೇಕೋ ತೋಚಲಿಲ್ಲ. ಒಂದು ಬೆಳಿಗ್ಗೆ ಬಂದು ನೋಡಿದರೆ ಒಂದು ನಾಯಿ ಗೋಡೆಯ ಗಾರೆ ಕಿತ್ತು ರಾಶಿ ಹಾಕಿದೆ. ಬೈದು ಬೇರೆ ಕಡೆ ಕಟ್ಟಿದರು. ಮಾರನೇ ದಿನ ಅಲ್ಲೂ ಗಾರೆ ಕಿತ್ತಿದೆ. ಆಮೇಲೆ ಗಮನಿಸಿದರೆ ಅದರ ಹೊಟ್ಟೆ ಒಣಗಿದೆ, ಹುಣ್ಣು ವಾಸಿಯಾಗ್ತಿದೆ. ಅದು ಗಾರೆಪುಡಿಯ ಮೇಲೆ ಮಲಗ್ತಿತ್ತು, ಪುಡಿ ರಸವನ್ನು ಹೀರಿಕೊಳ್ತಿತ್ತು. ಅವತ್ತಿಂದ ಅಂಥ ನಾಯಿಗಳಿಗೆಲ್ಲ ಅದೇ ರೀತಿಯ ಹಾಸಿಗೆ. ನಾಯಿಯೇ ದಾರಿ ತೋರಿಸಿತು ಅಂತ ಪಾವ್ಲೊವ್ ತನ್ನ ಉಪನ್ಯಾಸದಲ್ಲೇ ಹೇಳಿಕೊಂಡಿದ್ದಾನೆ.

ಇಷ್ಟು ತೀಕ್ಷ್ಣವಾದ ರಸ ನಮ್ಮ ಪ್ಯಾಂಕ್ರಿಯಾಸನ್ನೇ ಯಾಕೆ ತಿಂದುಹಾಕಲ್ಲ? ಉತ್ತರದ ಒಂದು ಮುಖ್ಯ ಭಾಗ ಸಿಕ್ಕಿದ್ದೂ ಇದೇ ಲ್ಯಾಬ್‌ನಲ್ಲಿ, 1899ರ ಸುಮಾರಿಗೆ. ಪ್ರೋಟೀನ್ ಒಡೆಯೋ ಕಿಣ್ವ ಪ್ಯಾಂಕ್ರಿಯಾಸ್‌ನಿಂದ ಹೊರಡುವಾಗ ಲಾಕ್ ಆಗಿರುತ್ತೆ. ಸಣ್ಣ ಕರುಳಿಗೆ ಬಂದ ಮೇಲೆ ಅಲ್ಲಿರೋ ಇನ್ನೊಂದು ಕಿಣ್ವ ಅದರ ಲಾಕ್ ತೆಗೆಯುತ್ತೆ. ಅದಕ್ಕೆ ಎಂಟರೊಕೈನೇಸ್ ಅಂತ ಹೆಸರು. ಬಂದೂಕಿಗೆ ಸೇಫ್ಟಿ ಇಟ್ಟ ಹಾಗೆ.

ರಸದ ಫ್ಯಾಕ್ಟರಿ

ಇದನ್ನೆಲ್ಲ ಪಾವ್ಲೊವ್ ಒಬ್ಬನೇ ಮಾಡಿದ್ದಲ್ಲ. ಥೀಸಿಸ್‌ಗೋಸ್ಕರ ಬರೋ ಡಾಕ್ಟರ್‌ಗಳಿಗೆ ಒಬ್ಬೊಬ್ಬರಿಗೆ ಒಂದು ನಾಯಿ, ಒಂದು ಪ್ರಶ್ನೆ. ಎರಡು ವರ್ಷದಲ್ಲಿ ಮುಗಿಸಿ ಹೊರಡೋದು. ನಮ್ಮ ಫೈನಲ್ ಇಯರ್ ಪ್ರಾಜೆಕ್ಟ್ ಬ್ಯಾಚ್‌ಗಳ ತರ. ಅವರೆಲ್ಲರ ಕೆಲಸವನ್ನು ಒಂದೇ ಕಥೆಯಾಗಿ ಹೊಲಿಯೋದು ಪಾವ್ಲೊವ್. 1897ರಲ್ಲಿ ಬಂದ ಅವನ ಜೀರ್ಣಗ್ರಂಥಿಗಳ ಉಪನ್ಯಾಸದ ಪುಸ್ತಕ ಹಾಗೆ ಹುಟ್ಟಿದ್ದು.

ದುಡ್ಡು ಎಲ್ಲಿಂದ? ಎರಡು ವಿಷಯ ಕೇಳಿ ನನಗೆ ನಂಬೋಕೇ ಆಗಲಿಲ್ಲ. ಒಂದು, 1893ರಲ್ಲಿ ಆಲ್ಫ್ರೆಡ್ ನೊಬೆಲ್ ಈ ಸಂಸ್ಥೆಗೆ 10,000 ರೂಬಲ್ ದಾನ ಮಾಡಿದ್ದ, ಅದು ಪಾವ್ಲೊವ್‌ನ ಲ್ಯಾಬ್ ದೊಡ್ಡದಾಗೋಕೆ ಬಳಕೆಯಾಯಿತು. ಅಂದರೆ ನೊಬೆಲ್ ಪ್ರಶಸ್ತಿ ಹುಟ್ಟೋ ಮೊದಲೇ ನೊಬೆಲ್‌ನ ದುಡ್ಡು ಅವನಿಗೆ ತಲುಪಿತ್ತು. ಎರಡು, ಸುಳ್ಳು ಊಟದ ನಾಯಿಗಳಿಂದ ಬಂದ ಶುದ್ಧ ಜಠರರಸವನ್ನು ಸೀಸೆಗೆ ತುಂಬಿ ಅಜೀರ್ಣದ ಔಷಧಿಯಾಗಿ ಮಾರ್ತಿದ್ದರು! ವರ್ಷಕ್ಕೆ ಸಾವಿರಾರು ಸೀಸೆ. ಜನ ಕುಡೀತಿದ್ದರು. ಮೆಸ್ಸಿನ ಸಾರಿನ ಬಗ್ಗೆ ದೂರೋರು ಇದನ್ನು ಒಮ್ಮೆ ನೆನಪಿಸಿಕೊಳ್ಳಿ.

ಒಂದು ಮಧ್ಯಾಹ್ನ

ಈಗ ನಾನು ಹೇಳಬೇಕು ಅಂತಿದ್ದ ಭಾಗ.

ಪಾವ್ಲೊವ್‌ನ ಇಡೀ ಕಟ್ಟಡ ನಿಂತಿದ್ದು ಒಂದೇ ಕಂಬದ ಮೇಲೆ: ಜೀರ್ಣಕ್ರಿಯೆಯನ್ನು ನಡೆಸೋದು ನರಗಳು. ಜಠರದ ವಿಷಯದಲ್ಲಿ ಅದಕ್ಕೆ ಒಳ್ಳೆ ಸಾಕ್ಷಿ ಇತ್ತು. ಪ್ಯಾಂಕ್ರಿಯಾಸ್ ವಿಷಯಕ್ಕೆ ಬಂದರೆ, ಜಠರದಿಂದ ಆಸಿಡ್ ಸಣ್ಣ ಕರುಳಿಗೆ ಇಳಿದ ಕೂಡಲೇ ಪ್ಯಾಂಕ್ರಿಯಾಸ್ ರಸ ಸುರಿಸುತ್ತೆ ಅಂತ ಅವನ ಲ್ಯಾಬ್‌ನಲ್ಲೇ 1894ರಲ್ಲಿ ಗೊತ್ತಾಗಿತ್ತು. ಕರುಳಿಂದ ಪ್ಯಾಂಕ್ರಿಯಾಸ್‌ಗೆ ಸುದ್ದಿ ಹೋಗೋದು ಹೇಗೆ? ನರದಿಂದಲೇ ಅಂತ ಅವರ ಉತ್ತರ ರೆಡಿ ಇತ್ತು.

ಆದರೆ ಒಂದು ರೀಡಿಂಗ್ ಗೆರೆ ಮೇಲೆ ಕೂರಲಿಲ್ಲ. ಅವನದೇ ಲ್ಯಾಬ್‌ನ ಪೊಪಿಯೆಲ್ಸ್ಕಿ ಅನ್ನೋ ಶಿಷ್ಯ ಮೆದುಳಿನ ಕಡೆಯಿಂದ ಬರೋ ದೊಡ್ಡ ನರಗಳನ್ನು ಕತ್ತರಿಸಿ ನೋಡಿದ. ಕರುಳಿಗೆ ಆಸಿಡ್ ಹಾಕಿದರೆ ರಸ ಆಗಲೂ ಬಂತು! ಇಲ್ಲಿ ನಿಂತು ಯೋಚನೆ ಮಾಡಬೇಕಿತ್ತು. ಆದರೆ ಅವರು ಹೊಟ್ಟೆಯೊಳಗೇ ಇನ್ನೂ ಸಣ್ಣ ನರಗಳ ಸರ್ಕ್ಯೂಟ್ ಇರಬೇಕು, ಸುದ್ದಿ ಅಲ್ಲಿಂದಲೇ ಹೋಗ್ತಿರಬೇಕು ಅಂತ ವಿವರಣೆ ಕೊಟ್ಟು ಮುಂದೆ ಹೋದರು. ಕೈಯಲ್ಲಿ ಡೇಟಾ ಇತ್ತು, ಕಣ್ಣಿಗೆ ನರ ಮಾತ್ರ ಕಾಣ್ತಿತ್ತು.

1902ರ ಜನವರಿ 16ರಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ಅನ್ನೋ ಭಾವ-ಮೈದುನರು ಅದೇ ಪ್ರಯೋಗಕ್ಕೆ ಕೈ ಹಾಕಿದರು. ನಾಯಿಯ ಕರುಳಿನ ಒಂದು ತುಂಡಿಗೆ ಬರೋ ನರಗಳನ್ನೆಲ್ಲ ಕತ್ತರಿಸಿದರು. ರಕ್ತನಾಳ ಮಾತ್ರ ಉಳಿಸಿದರು. ಅದರೊಳಗೆ ಆಸಿಡ್ ಹಾಕಿದರು. ಪ್ಯಾಂಕ್ರಿಯಾಸ್ ರಸ ಸುರಿಸಿತು. ನರ ಇಲ್ಲ ಅಂದಮೇಲೆ ಸುದ್ದಿ ರಕ್ತದಲ್ಲೇ ಹೋಗಿರಬೇಕಲ್ಲ? ಸ್ಟಾರ್ಲಿಂಗ್ ಕರುಳಿನ ಒಳಪದರವನ್ನು ಕೆರೆದು, ಆಸಿಡ್ ಜೊತೆ ಅರೆದು, ಸೋಸಿ, ಆ ನೀರನ್ನು ನಾಯಿಯ ರಕ್ತನಾಳಕ್ಕೆ ಚುಚ್ಚಿದ. ಸ್ವಲ್ಪ ಹೊತ್ತಿಗೆ ಪ್ಯಾಂಕ್ರಿಯಾಸ್‌ನಿಂದ ಮೊದಲಿಗಿಂತ ಜೋರಾಗಿ ರಸ. ಆ ವಸ್ತುವಿಗೆ ಸೆಕ್ರೆಟಿನ್ ಅಂತ ಹೆಸರಿಟ್ಟರು. ಮುಂದೆ 1905ರಲ್ಲಿ ಸ್ಟಾರ್ಲಿಂಗ್ ಇಂಥ ವಸ್ತುಗಳಿಗೆಲ್ಲ ಹಾರ್ಮೋನ್ ಅನ್ನೋ ಪದ ಬಳಸಿದ. ಇವತ್ತು ಥೈರಾಯ್ಡ್, ಇನ್ಸುಲಿನ್ ಅಂತ ಮನೆಮನೆಯಲ್ಲಿ ಕೇಳೋ ಮಾತಿನ ಹಿಂದೆ ಇರೋ ಪದ ಅದೇ.

ವ್ಯತ್ಯಾಸ ನಮಗೆ ಸುಲಭವಾಗಿ ಅರ್ಥ ಆಗುತ್ತೆ. ನರ ಅಂದರೆ ಇಲ್ಲಿಂದ ಅಲ್ಲಿಗೆ ಎಳೆದ ವೈರ್. ಹಾರ್ಮೋನ್ ಅಂದರೆ ಬ್ರಾಡ್‌ಕಾಸ್ಟ್. ರಕ್ತದಲ್ಲಿ ಎಲ್ಲ ಕಡೆ ಹೋಗುತ್ತೆ, ಸರಿಯಾದ ರಿಸೀವರ್ ಇರೋ ಅಂಗ ಮಾತ್ರ ಓದಿಕೊಳ್ಳುತ್ತೆ. ಪಾವ್ಲೊವ್ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ವೈರ್‌ಗಳನ್ನೇ ಹುಡುಕಿದ್ದ. ಆಗ ಅವನಿಗೆ ಐವತ್ತೆರಡು ವರ್ಷ, ಯುರೋಪಿನಲ್ಲೆಲ್ಲ ಹೆಸರು, ನೊಬೆಲ್‌ಗೆ ನಾಮಿನೇಟ್ ಆಗಿದ್ದ. ಹಾಗಿರುವಾಗ ಈ ಸುದ್ದಿ.

ಮೊದಲು ಅವನ ಲ್ಯಾಬ್‌ನವರು ಸುಲಭಕ್ಕೆ ಒಪ್ಪಲಿಲ್ಲ. ಕೊನೆಗೆ ಪ್ರಯೋಗವನ್ನು ತಮ್ಮಲ್ಲೇ ಮಾಡಿ ನೋಡೋದು ಅಂತ ಆಯಿತು. ಅವತ್ತು ಏನಾಯಿತು ಅನ್ನೋದನ್ನು ಅವನ ಶಿಷ್ಯ, ಆಮೇಲೆ ಅವನ ಜೀವನ ಚರಿತ್ರೆ ಬರೆದ ಬಾಬ್ಕಿನ್ ದಾಖಲಿಸಿದ್ದಾನೆ. ಎಲ್ಲರೂ ಸುತ್ತ ನಿಂತಿದ್ದರು. ಕರುಳಿನ ಸಾರ ಚುಚ್ಚಿದರು. ರಸ ಇಳಿಯಿತು. ಯಾರೂ ಮಾತಾಡಲಿಲ್ಲ. ಪಾವ್ಲೊವ್ ಒಂದು ಮಾತೂ ಆಡದೆ ತನ್ನ ರೂಮಿಗೆ ಹೋದ. ಅರ್ಧ ಗಂಟೆ ಆದ ಮೇಲೆ ಹೊರಗೆ ಬಂದ. ಅವರು ಹೇಳಿದ್ದು ಸರಿ ಅಂತ ಒಪ್ಪಿಕೊಂಡ, ಸತ್ಯ ಕಂಡುಹಿಡಿಯೋದಕ್ಕೆ ನಾವೇನೂ ಪೇಟೆಂಟ್ ತಗೊಂಡಿಲ್ಲ ಅನ್ನೋ ಅರ್ಥದ ಮಾತು ಹೇಳಿದ.

ಆ ಅರ್ಧ ಗಂಟೆ ಬಾಗಿಲ ಹಿಂದೆ ಏನು ನಡೀತು ಅಂತ ಬಾಬ್ಕಿನ್ ಬರೆದಿಲ್ಲ, ಬರೆಯೋಕೆ ಅವನೇನು ಒಳಗಿರಲಿಲ್ಲ. ಪಾವ್ಲೊವ್ ಮಹಾ ಮುಂಗೋಪಿ. ಆಪರೇಷನ್ ಟೇಬಲ್ ಹತ್ತಿರ ಶಿಷ್ಯರು ತಪ್ಪು ಮಾಡಿದರೆ ಕೂಗಾಡ್ತಿದ್ದ. ಅಂಥವನಿಗೆ ಆ ಅರ್ಧ ಗಂಟೆ ಸುಲಭವಾಗಿರಲಿಲ್ಲ ಅಂತ ಮಾತ್ರ ನಾನು ಹೇಳಬಲ್ಲೆ.

ಹಾಗಂತ ಅವನ ಹಳೆಯ ಕೆಲಸ ಸುಳ್ಳಾಗಲಿಲ್ಲ. ಇವತ್ತಿನ ಪಠ್ಯಪುಸ್ತಕ ತೆಗೆದರೆ ಎರಡೂ ಇದೆ. ಊಟ ನೋಡಿದಾಗ, ಅಗಿಯುವಾಗ ವೇಗಸ್ ನರದಿಂದ ಆಸಿಡ್ ಶುರುವಾಗುತ್ತೆ. ಆಸಿಡ್ ಸಣ್ಣ ಕರುಳಿಗೆ ಇಳಿದಾಗ ಸೆಕ್ರೆಟಿನ್ ಹೊರಟು, ಆಸಿಡನ್ನು ಆರಿಸೋ ಕ್ಷಾರದ ರಸವನ್ನು ಪ್ಯಾಂಕ್ರಿಯಾಸ್‌ನಿಂದ ತರಿಸುತ್ತೆ. ವೈರ್ ಕೂಡ ಇದೆ, ಬ್ರಾಡ್‌ಕಾಸ್ಟ್ ಕೂಡ ಇದೆ. ನರ ಒಂದೇ ಸಾಕು ಅನ್ನೋದಷ್ಟೇ ತಪ್ಪಾಗಿತ್ತು.

ನೊಬೆಲ್ ಆದಮೇಲೆ

ಇದಾಗಿ ಎರಡು ವರ್ಷಕ್ಕೆ, 1904ರಲ್ಲಿ, ನೊಬೆಲ್ ಬಂತು. ರಷ್ಯಾಕ್ಕೆ ಬಂದ ಮೊದಲ ನೊಬೆಲ್ ಅದು. ಅಷ್ಟರಲ್ಲಿ ಪಾವ್ಲೊವ್‌ನ ಮನಸ್ಸು ಜೊಲ್ಲಿನ ಕಡೆ ತಿರುಗಿತ್ತು. ಆಹಾರ ಕಾಣೋ ಮೊದಲೇ, ತರೋರ ಹೆಜ್ಜೆ ಸದ್ದಿಗೇ ಯಾಕೆ ಜೊಲ್ಲು ಬರುತ್ತೆ? ಸೆಕ್ರೆಟಿನ್ ಪೆಟ್ಟು ಈ ತಿರುವಿಗೆ ಒಂದು ಕಾರಣ ಇರಬಹುದು, ಅದೊಂದೇ ಅಲ್ಲ. ಸ್ಟಾಕ್‌ಹೋಮ್‌ನಲ್ಲಿ ಮಾಡಿದ ನೊಬೆಲ್ ಭಾಷಣದಲ್ಲೂ ಜೀರ್ಣಕ್ರಿಯೆಯಿಂದ ಶುರುಮಾಡಿ ಈ ಹೊಸ ಪ್ರಶ್ನೆಗೇ ಬಂದು ನಿಂತ. ಮುಂದಿನ ಮೂವತ್ತು ವರ್ಷ ಅದೇ ಕೆಲಸ, ನಮಗೆಲ್ಲ ಗೊತ್ತಿರೋ ಪಾವ್ಲೊವ್.

1917ರ ಕ್ರಾಂತಿಯ ನಂತರದ ವರ್ಷಗಳು ಹಸಿವಿನ ವರ್ಷಗಳು. ಜೀರ್ಣಕ್ರಿಯೆಗೆ ನೊಬೆಲ್ ಪಡೆದವನಿಗೆ ತಿನ್ನೋಕೆ ಇರಲಿಲ್ಲ. ಲ್ಯಾಬ್‌ನ ನಾಯಿಗಳು ಹಸಿವಿನಿಂದ ಸತ್ತವು. ಎಪ್ಪತ್ತರ ಮುದುಕ ಸಂಸ್ಥೆಯ ಜಾಗದಲ್ಲಿ ತಾನೇ ಮಣ್ಣು ಅಗೆದು ತರಕಾರಿ ಬೆಳೆದ, ಚಿಕ್ಕಂದಿನಲ್ಲಿ ಅಪ್ಪ ಕಲಿಸಿದ್ದು ಕೈಗೆ ಬಂತು. ಒಬ್ಬ ಮಗ ತೀರಿಕೊಂಡ, ಇನ್ನೊಬ್ಬ ದೇಶ ಬಿಟ್ಟ. 1921ರ ಜನವರಿಯಲ್ಲಿ ಲೆನಿನ್ ಸಹಿ ಮಾಡಿದ ಆದೇಶದಿಂದ ಅವನ ಕೆಲಸಕ್ಕೆ ವಿಶೇಷ ಸೌಲಭ್ಯ ಸಿಕ್ಕಿತು. ಆದರೂ ಸರ್ಕಾರವನ್ನು ಬಹಿರಂಗವಾಗಿ ಟೀಕಿಸೋದು ಬಿಡಲಿಲ್ಲ. ಪಾದ್ರಿಗಳ ಮಕ್ಕಳು ಅನ್ನೋ ಕಾರಣಕ್ಕೆ ವಿದ್ಯಾರ್ಥಿಗಳನ್ನು ಹೊರಹಾಕಿದಾಗ, ತಾನೂ ಪಾದ್ರಿಯ ಮಗನೇ ಅಂತ ಮಿಲಿಟರಿ ಮೆಡಿಕಲ್ ಅಕಾಡೆಮಿಯ ಹುದ್ದೆಗೆ ರಾಜೀನಾಮೆ ಕೊಟ್ಟ.

1936ರ ಫೆಬ್ರವರಿ 27ರಂದು ನ್ಯುಮೋನಿಯಾದಿಂದ ಲೆನಿನ್‌ಗ್ರಾಡ್‌ನಲ್ಲಿ ತೀರಿಕೊಂಡ. ಆಗ ಎಂಬತ್ತಾರು ವರ್ಷ.

ನಾಯಿಗಳ ವಿಷಯ ಹೇಳದೆ ಮುಗಿಸೋಕೆ ಆಗಲ್ಲ. ಓದುವಾಗ ನನಗೆ ಹಲವು ಕಡೆ ಹೊಟ್ಟೆ ತೊಳೆಸಿತು. ಕುತ್ತಿಗೆ ತೂತಿನ ನಾಯಿ ತಿಂದದ್ದನ್ನೇ ಮತ್ತೆ ತಿನ್ನೋ ಚಿತ್ರ ತಲೆಯಿಂದ ಹೋಗ್ತಿಲ್ಲ. ಇವತ್ತು ಅಂಥ ಪ್ರಯೋಗಕ್ಕೆ ಅಷ್ಟು ಸುಲಭವಾಗಿ ಅನುಮತಿ ಸಿಗಲ್ಲ, ಸಿಗಲೂಬಾರದು. ಪಾವ್ಲೊವ್‌ಗೂ ಆ ಋಣದ ಅರಿವಿತ್ತು ಅನ್ಸುತ್ತೆ. 1935ರಲ್ಲಿ ಅವನ ಸಂಸ್ಥೆಯ ಅಂಗಳದಲ್ಲಿ ನಾಯಿಗೆ ಒಂದು ಸ್ಮಾರಕ ಕಟ್ಟಿಸಿದ. ಅದು ಈಗಲೂ ಇದೆ. ಸ್ಮಾರಕದಿಂದ ಲೆಕ್ಕ ಚುಕ್ತಾ ಆಗುತ್ತಾ ಅಂದರೆ, ನನಗೆ ಹಾಗನ್ನಿಸಲ್ಲ.

ನನ್ನ ರೀಡಿಂಗ್

ಈಗ ನನ್ನ ಕಥೆ. ಆವತ್ತು ಲ್ಯಾಬ್‌ನಲ್ಲಿ ಗೆರೆ ಮೇಲೆ ಕೂರದ ಆ ಒಂದು ರೀಡಿಂಗನ್ನು ನಾನು ರಬ್ಬರ್‌ನಿಂದ ಅಳಿಸಿ, ಕೂರೋ ಹಾಗೆ ಬೇರೆ ನಂಬರ್ ಬರೆದೆ. ನೀವೂ ಮಾಡಿರ್ತೀರ, ಸುಮ್ಮನೆ ಇಲ್ಲ ಅನ್ನಬೇಡಿ. ಫುಲ್ ಮಾರ್ಕ್ಸ್ ಬಂತು. ಮೂರು ವಾರ ಆದಮೇಲೆ ಅದೇ ಬೋರ್ಡ್‌ನಲ್ಲಿ ಇನ್ನೊಂದು ಬ್ಯಾಚ್‌ಗೂ ಅದೇ ಜಾಗದಲ್ಲಿ ತಪ್ಪು ರೀಡಿಂಗ್ ಬಂತು. ಆ ಬ್ಯಾಚಿನ ಹುಡುಗಿ ಅಳಿಸಲಿಲ್ಲ, ಬೋರ್ಡ್ ಪರೀಕ್ಷೆ ಮಾಡಿಸಿದಳು. ಒಳಗೆ ಒಂದು ರೆಸಿಸ್ಟರ್ ಕೆಟ್ಟಿತ್ತು. ನನ್ನ ರೀಡಿಂಗ್ ಸರಿಯೇ ಇತ್ತು, ನಾನೇ ಅದನ್ನು ನಂಬಲಿಲ್ಲ.

ಪೊಪಿಯೆಲ್ಸ್ಕಿಯ ಪ್ರಯೋಗದ ಬಗ್ಗೆ ಓದಿದಾಗ ನನಗೆ ನೆನಪಾಗಿದ್ದು ಇದೇ. ಅವರು ಯಾವ ನಂಬರನ್ನೂ ಅಳಿಸಲಿಲ್ಲ, ಅಷ್ಟು ಪ್ರಾಮಾಣಿಕರು. ಅಳಿಸದೇ ಇದ್ದಿದ್ದರಿಂದಲೇ ಮುಂದೆ ಬೇರೆಯವರಿಗೆ ಅದು ದಾರಿಯಾಯಿತು. ಆಮೇಲೆ ಗುರು ತಾನು ತಪ್ಪಿದೆ ಅಂತ ಎಲ್ಲರ ಮುಂದೆ ಒಪ್ಪಿಕೊಂಡ. ನೊಬೆಲ್‌ನಷ್ಟು ದೊಡ್ಡ ಕೆಲಸ ನನ್ನಿಂದ ಆಗಲ್ಲ, ಅದು ಗೊತ್ತು. ಆದರೆ ಒಂದು ನಂಬರನ್ನು ಅಳಿಸದೇ ಬಿಡೋದು ಆಗದಿರೋ ಕೆಲಸ ಏನಲ್ಲ.

ಈ ಸೆಮಿಸ್ಟರ್‌ನ ರೆಕಾರ್ಡ್‌ನಲ್ಲಿ ಒಂದು ಚುಕ್ಕಿ ಗೆರೆಯಿಂದ ಹೊರಗೇ ಇದೆ. ಪಕ್ಕದಲ್ಲಿ ಪೆನ್ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೀನಿ. ಮಾರ್ಕ್ಸ್ ಇನ್ನೂ ಬಂದಿಲ್ಲ.